ಪದ್ಮಮ್ಮನವರ ಹತ್ತೊಂಬತ್ತು ಪತ್ರೆ

ತುಮಕೂರಿನಲ್ಲಿ ಸ್ವಂತ ಮನೆ ಕೊಂಡ ಮೇಲೆ ಪದ್ಮಮ್ಮ ಮಾಡಿದ ಮೊದಲ ಕೆಲಸವೆಂದರೆ ಬೆಳಗ್ಗೆ ಏಳು ಗಂಟೆಗೆ ಬಾಗಿಲು ತೆರೆದು ಹೊರಗೆ ಬಂದು ನಿಂತದ್ದು. ಇದರಲ್ಲೇನು ಹೆಚ್ಚುಗಾರಿಕೆ ಎಂದು ಕೇಳುವವರಿಗೆ ಅವರ ಹಿಂದಿನ ಇಪ್ಪತ್ತೆರಡು ವರ್ಷ ಗೊತ್ತಿಲ್ಲವೆಂದೇ ಅರ್ಥ. ಗುಬ್ಬಿಯ ವಠಾರವೊಂದರಲ್ಲಿ ಬಾಡಿಗೆಗಿದ್ದಷ್ಟು ಕಾಲವೂ, ಅಕ್ಕಪಕ್ಕದ ಗಂಡಸರೆಲ್ಲ ಕೆಲಸಕ್ಕೆ ಹೊರಟುಹೋಗುವ ತನಕ ಅವರು ಬಾಗಿಲು ತೆರೆದವರಲ್ಲ. ಹೊರಟವರಿಗೆ ವಿಧವೆ ಎದುರಾದರೆ ಅವರು ಮಾತಿಲ್ಲದೆ ಹಿಂದಕ್ಕೆ ಹೋಗಿ, ಒಂದು ಲೋಟ ನೀರು ಕುಡಿದು, ಎರಡು ನಿಮಿಷ ಕೂತು, ಆಮೇಲೆ ಹೊರಡುತ್ತಿದ್ದರು. ಯಾರೂ ಬೈದದ್ದಿಲ್ಲ. ಬೈದಿದ್ದರೆ ತಿರುಗಿ ಹೇಳುವ ಬಾಯಿ ಪದ್ಮಮ್ಮನಿಗೂ ಇತ್ತು. ಆ ನೀರಿನ ಲೋಟ ಕೆಳಗಿಡುವ ಸದ್ದಿಗೆ ಮಾತ್ರ ಅವರಲ್ಲಿ ಉತ್ತರವಿರಲಿಲ್ಲ. ಹೀಗಾಗಿ ತಡವಾಗಿ ಹೊರಟು, ತಾವು ಪಾಠ ಹೇಳುವ ಶಾಲೆಗೆ ದಿನವೂ ಓಡುತ್ತಲೇ ಹೋಗುತ್ತಿದ್ದರು.

ಹುಟ್ಟಿದ್ದು ಕುಣಿಗಲ್‌ನಲ್ಲಿ. ಒಂಬತ್ತಕ್ಕೆ ಮದುವೆ, ಹನ್ನೆರಡಕ್ಕೆ ಗಂಡ ಹೋದ. ಆ ಹುಡುಗನ ಮುಖ ಅವರಿಗೆ ಸರಿಯಾಗಿ ನೆನಪೂ ಇಲ್ಲ; ನೆನಪಿರುವುದು ಅವನ ಕಿವಿಯಲ್ಲಿದ್ದ ಚಿನ್ನದ ಒಂಟಿ ಮಾತ್ರ. ತಲೆ ಬೋಳಿಸುವ ಮಾತು ಎದ್ದಾಗ ಅಣ್ಣ ಅನಂತರಾಮಯ್ಯ ನಡುಮನೆಯ ಬಾಗಿಲಿಗೆ ಅಡ್ಡ ಕೂತು, ಎರಡು ದಿನ ಊಟ ಬಿಟ್ಟು ತಂಗಿಯ ಕೂದಲನ್ನು ಉಳಿಸಿಕೊಟ್ಟರು. ಆಮೇಲೆ ಅವಳನ್ನು ಓದಿಸಿದರು, ಮೇಷ್ಟ್ರ ತರಬೇತಿಗೆ ಕಳುಹಿಸಿದರು. ಬಂಧುಗಳು ಅಂದದ್ದನ್ನೆಲ್ಲ ಅವರೇ ಕಿವಿಗೆ ಹಾಕಿಕೊಂಡು ತಂಗಿಗೆ ತಲುಪದಂತೆ ನೋಡಿಕೊಂಡರು. ದೇವರಿಗೆ ದೀಪ ಹಚ್ಚುವಾಗ ಪದ್ಮಮ್ಮ ದೇವರ ಹೆಸರಿಗಿಂತ ಮೊದಲು ಅಣ್ಣನ ಹೆಸರನ್ನು ಹೇಳಿಕೊಳ್ಳುತ್ತಿದ್ದರು. ದೇವರು ಇದನ್ನು ತಪ್ಪು ತಿಳಿದಿರಲಾರ.

ಐವತ್ತೇಳನೇ ಇಸವಿಯಲ್ಲಿ ತುಮಕೂರಿನ ಹೆಣ್ಣುಮಕ್ಕಳ ಶಾಲೆಗೆ ವರ್ಗವಾಯಿತು. ಅನಂತರಾಮಯ್ಯನವರೇ ಓಡಾಡಿ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಒಂದು ಮನೆ ಹುಡುಕಿದರು. ಎರಡು ಕೋಣೆ, ಅಡಿಗೆಮನೆ, ಹೆಂಚಿನ ಸೂರು, ಹಿತ್ತಿಲಲ್ಲೊಂದು ಬಾವಿ. ಮನೆಯ ಮುಂದೆ ಮೂರು ದಾರಿ ಕೂಡುತ್ತಿದ್ದವು. ಸುತ್ತ ಸಾಕಷ್ಟು ಜಾಗವಿತ್ತು; ಆದರೆ ಒಂದು ಮಾವಿನ ಮರ, ಒಂದು ದಾಳಿಂಬೆ ಬಿಟ್ಟರೆ ಆ ಜಾಗದಲ್ಲಿ ಬೆಳೆದಿದ್ದದ್ದು ಕಲ್ಲು.

ನಲವತ್ತಮೂರು ವರ್ಷ ಬೇರೆಯವರ ಅಂಗಳದಲ್ಲಿ ಬದುಕಿದವರಿಗೆ ತಮ್ಮದೇ ಅಂಗಳ ಸಿಕ್ಕಿದರೆ ಸ್ವಲ್ಪ ತಲೆ ತಿರುಗುವುದು ಸಹಜ. ಪದ್ಮಮ್ಮ ಬೆಂಗಳೂರಿಗೆ ಹೋಗಿ ಗುಲಾಬಿ, ಕ್ರೋಟನ್, ಹೆಸರು ಹೇಳಲು ಬಾರದ ಇನ್ನೂ ಏನೇನೋ ತಂದು ನೆಟ್ಟರು. ದೊಡ್ಡ ಅಧಿಕಾರಿಗಳ ಬಂಗಲೆಗಳ ಮುಂದೆ ಅಂಥವನ್ನೇ ನೋಡಿದ್ದರಲ್ಲ. ಬೇಸಿಗೆ ಬಂತು. ಬಾವಿಯ ನೀರು ಉಪ್ಪಾಯಿತು. ಗುಲಾಬಿ ಮೊದಲು ಹೋಯಿತು, ಕ್ರೋಟನ್ ಒಂದು ತಿಂಗಳು ಹಟ ಮಾಡಿ ಅದರ ಹಿಂದೆಯೇ ಹೋಯಿತು. ಶಾಲೆಯಿಂದ ಬಂದು ಸಂಜೆ ತನಕ ನೀರು ಸೇದಿ ಸೇದಿ ಪದ್ಮಮ್ಮನ ಅಂಗೈ ಬೊಬ್ಬೆ ಎದ್ದದ್ದೇ ಲಾಭ.

ಚಿಕ್ಕಬೋರಯ್ಯ ಬಂದದ್ದು ಆಗ. ಹಾಗಲವಾಡಿಯ ಈ ರೈತ ಬಿಡುವಿನ ತಿಂಗಳುಗಳಲ್ಲಿ ಗಾಡಿಯಲ್ಲಿ ಸೌದೆ ತಂದು ತುಮಕೂರಿನಲ್ಲಿ ಮಾರುತ್ತಿದ್ದ. ಅವನ ಮಗಳು ಚೆನ್ನಮ್ಮ ಗುಬ್ಬಿಯಲ್ಲಿ ಪದ್ಮಮ್ಮನ ಹತ್ತಿರ ಓದಿದವಳು. ಊರಿಗೆ ಬಂದ ಕಾಗದವನ್ನೆಲ್ಲ ಅವಳೇ ಓದಿ ಹೇಳುತ್ತಿದ್ದುದರಿಂದ ಚಿಕ್ಕಬೋರಯ್ಯನಿಗೆ ಪದ್ಮಮ್ಮನೆಂದರೆ ಅಪಾರ ಗೌರವ. ಸೌದೆ ಇಳಿಸಿ, ಒಣಗಿ ನಿಂತ ಕ್ರೋಟನ್ ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ಇವು ಬದುಕಾಕಿಲ್ಲ ಬುಡಿ ಅಮ್ಮಾವ್ರೆ. ಬೆಂಗ್ಳೂರ್ ನೀರು ಕುಡ್ಕಂಡು ಬೆಳೆದವು. ನಿಮ್ ನೆಲ ನೋಡುದ್ರೆ ಬಂಡೆ, ನೀರು ಉಪ್ಪು."

"ಹಾಗಾದ್ರೆ ಇಲ್ಲಿ ಏನೂ ಬೆಳೆಯಲ್ವೇ ಚಿಕ್ಕಬೋರಯ್ಯ?"

"ಯಾಕ್ ಬೆಳಿಯಾಕಿಲ್ಲ? ಬಿದರೆಹಳ್ಳಿ ಕಾವಲ್‌ನಾಗೆ ಯಾರು ನೀರು ಹುಯ್ತಾರೆ ಹೇಳಿ. ಅಲ್ಲೂ ಬಂಡೆನೇ ಅಲ್ವ. ಅಲ್ಲಿದನ್ನ ತಂದಿಕ್ಕಿದ್ರೆ ಇಲ್ಲೂ ಬರ್ತವೆ."

ಮುಂದಿನ ಸಲ ಬಂದಾಗ ಸೌದೆಯ ಮೇಲೊಂದು ಒದ್ದೆ ಗೋಣಿಚೀಲವಿತ್ತು. ಅದರೊಳಗೆ ಬೇರಿನ ಮಣ್ಣು ಸಮೇತ ಎರಡು ಲಕ್ಕಿ, ಒಂದು ತಂಗಡಿ, ಒಂದು ಬಿಳಿ ಎಕ್ಕ. ಪದ್ಮಮ್ಮ ನೋಡಿ ಮೊದಲು ನಕ್ಕರು. ತಂಗಡಿಯನ್ನೂ ಎಕ್ಕವನ್ನೂ ಯಾರಾದರೂ ನೆಡುತ್ತಾರೆಯೇ? ಅವು ದಾರಿಬದಿಯಲ್ಲಿ ತಮ್ಮ ಪಾಡಿಗೆ ತಾವು ಇರುವಂಥವು. ಆದರೂ ಹೊತ್ತು ತಂದವನ ಮುಖ ನೋಡಿ ನೆಟ್ಟರು. ಮಳೆಗಾಲ ಕಳೆಯುವಷ್ಟರಲ್ಲಿ ಲಕ್ಕಿ ಎದೆಯೆತ್ತರ ಬೆಳೆದು ನೀಲಿ ಹೂ ಬಿಟ್ಟಿತು. ತಂಗಡಿ ಹಳದಿ ಹೂ ಸುರಿಯಿತು. ಪದ್ಮಮ್ಮ ಅದಕ್ಕೆ ಒಂದು ಚೊಂಬು ನೀರನ್ನೂ ಹಾಕಿರಲಿಲ್ಲ.

ಅಲ್ಲಿಂದ ಅವರಿಗೆ ಅದೇ ಗೀಳಾಯಿತು. ಚಿಕ್ಕಬೋರಯ್ಯನ ಗಾಡಿ ಬಂದಾಗಲೆಲ್ಲ ಏನಾದರೊಂದು ಬರುತ್ತಿತ್ತು: ಎಲಚಿಯ ಸಸಿ, ಬನ್ನಿಯ ಸಸಿ, ಹಳ್ಳದ ದಂಡೆಯಿಂದ ಕಿತ್ತ ಮತ್ತಿ. ಕುಣಿಗಲ್‌ಗೆ ಹೋದರೆ ಕೆರೆ ಏರಿಯ ಮೇಲಿನಿಂದ ವಿಷ್ಣುಕ್ರಾಂತಿಯ ಬಳ್ಳಿಯನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಬಾವಿಕಟ್ಟೆಯ ಬಿರುಕಿನಲ್ಲಿ ತಾನಾಗಿ ಹುಟ್ಟಿದ ಅರಳಿಯನ್ನು, ಕಟ್ಟೆ ಉಳಿಯಲಿ ಎಂದು, ಒಡೆದ ಕೊಳಗಕ್ಕೆ ದಾಟಿಸಿದರು. ಗುಬ್ಬಚ್ಚಿ ಬಂದವು, ಪಿಕಳಾರ ಬಂದವು, ಓತಿಕ್ಯಾತಗಳಂತೂ ಬಾಡಿಗೆ ಕೊಟ್ಟವರಂತೆ ವಾಸ ಹೂಡಿದವು. ಸಂಜೆ ಮೆಟ್ಟಿಲ ಮೇಲೆ ಕೂತು ಪದ್ಮಮ್ಮ ಇದನ್ನೆಲ್ಲ ನೋಡುತ್ತಿದ್ದರು. ಹೀಗೆ ಒಂದು ಕಡೆ ಕೂರಲು ನನಗೂ ಜಾಗ ಸಿಕ್ಕಿತಲ್ಲ ಎಂದು ಅವರಿಗೆ ಎದೆ ತುಂಬಿ ಬರುತ್ತಿತ್ತು.

ಅನಂತರಾಮಯ್ಯ ಒಮ್ಮೆ ಬಂದವರು ಗೇಟಿನಲ್ಲೇ ನಿಂತುಬಿಟ್ಟರು.

"ಪದ್ದು, ಇದೇನೇ ಇದು, ತೋಟಾನೋ, ಬೀಳು ಬಿದ್ದ ಹೊಲಾನೋ?"

"ಬೀಳು ಅಂತಲೇ ಇಟ್ಕೋ ಅಣ್ಣ. ಒಳಗೆ ಬಾ, ಉತ್ತರಾಣಿ ಪಂಚೆಗೆ ಅಂಟುತ್ತೆ, ನೋಡ್ಕೊಂಡು ಬಾ."

ಅವರು ಪಂಚೆ ಎತ್ತಿ ಹಿಡಿದು ಒಂದು ಸುತ್ತು ಬಂದರು. ಆಮೇಲೆ ಬೆರಳು ಮಡಚತೊಡಗಿದರು. ಪೂಜೆಯ ಪುಸ್ತಕದಲ್ಲಿ ಅರ್ಕಪತ್ರ ಅಂದರೆ ಈ ಎಕ್ಕ. ಅಪಾಮಾರ್ಗ ಅಂದರೆ ಈ ಉತ್ತರಾಣಿ. ಸಿಂಧುವಾರ ಅಂದರೆ ಲಕ್ಕಿ. ಗಣಪತಿ ಹಬ್ಬಕ್ಕೆ ಬೇಕಾದ ಇಪ್ಪತ್ತೊಂದು ಪತ್ರೆಯಲ್ಲಿ ಹನ್ನೊಂದು ಈ ಕಾಂಪೌಂಡಿನೊಳಗೇ ಇವೆಯಲ್ಲೇ ಎಂದು ಅವರು ಹೇಳಿದಾಗ ಪದ್ಮಮ್ಮನಿಗೇ ಅಚ್ಚರಿಯಾಯಿತು. ಪೇಟೆಯಲ್ಲಿ ಹಬ್ಬದ ಹಿಂದಿನ ದಿನ ಕೈಗೆ ಸಿಕ್ಕ ಸೊಪ್ಪನ್ನೆಲ್ಲ ಸೇರಿಸಿ ಕಟ್ಟಿ ಪತ್ರೆ ಎಂದು ಮಾರುವುದನ್ನು ಅವರೂ ಕಂಡಿದ್ದರು. ಕೊಳ್ಳುವವರಿಗೂ ಗೊತ್ತು, ಮಾರುವವರಿಗೂ ಗೊತ್ತು. ಗಣಪತಿ ಒಬ್ಬನೇ ಸುಮ್ಮನಿರುವವನು.

ಅವತ್ತು ಅವರ ಮನಸ್ಸಿಗೆ ಒಂದು ಆಸೆ ಹೊಕ್ಕಿತು. ಉಳಿದ ಪತ್ರೆಗಳನ್ನೂ ಬೆಳೆಸಬೇಕು. ಹಬ್ಬದ ದಿನ ಈ ಬೀದಿಯ ಮನೆಮನೆಗೂ ಪತ್ರೆ ಇಲ್ಲಿಂದಲೇ ಹೋಗಬೇಕು. ಎಲ್ಲರಿಂದಲೂ ತೆಗೆದುಕೊಂಡೇ ಬಂದಿರುವ ತಾನು ಒಂದು ಸಲವಾದರೂ ಕೊಡಬೇಕು. ಎಲೆ ಕೊಡುವುದು ದೊಡ್ಡ ಮಾತಲ್ಲ. ಆದರೆ ಮಂಗಳದ ಕೆಲಸಕ್ಕೆ ತಮ್ಮ ಕೈಯಿಂದ ಒಬ್ಬರು ಏನನ್ನಾದರೂ ತೆಗೆದುಕೊಂಡದ್ದು ಹನ್ನೆರಡನೇ ವಯಸ್ಸಿನಿಂದ ಈಚೆಗೆ ಇಲ್ಲ. ಪದ್ಮಮ್ಮನಿಗೆ ಬೇಕಾಗಿದ್ದದ್ದು ಅದು.

ಮಾಚಿಪತ್ರೆ, ಮರುಗ, ಜಾಜಿ, ಗುಳ್ಳ, ಉಮ್ಮತ್ತಿ ಹೀಗೆ ಒಂದೊಂದಾಗಿ ಬಂದವು. ಅರವತ್ತನೇ ಇಸವಿಯ ಭಾದ್ರಪದಕ್ಕೆ ಎಣಿಕೆ ಹತ್ತೊಂಬತ್ತಕ್ಕೆ ಬಂತು. ದೇವದಾರು, ಗಂಡಕಿ ಎರಡು ಮಾತ್ರ ಈ ಸೀಮೆಯಲ್ಲಿ ಸಿಕ್ಕುವಂಥವಲ್ಲ. ಪತ್ರೆಯೇನೋ ಆಯಿತು, ಕೊಡುವುದು ಹೇಗೆ? ಮನೆಮನೆಗೆ ಹೋದರೆ ಬೆಳಬೆಳಗ್ಗೆ ಹಬ್ಬದ ದಿನ ವಿಧವೆ ಹೊಸ್ತಿಲಿಗೆ ಬಂದಂತಾಗುತ್ತದೆ. ಮನೆಗೆ ಕರೆದರೆ ಬರಲೂ ಆಗದೆ, ಬಿಡಲೂ ಆಗದೆ ಅವರು ಮುಜುಗರ ಪಡುತ್ತಾರೆ. ಯೋಚಿಸಿ ಯೋಚಿಸಿ ಅವರೊಂದು ಉಪಾಯ ಕಂಡುಕೊಂಡರು. ಅಷ್ಟು ಮಕ್ಕಳಿಗೆ ಬುದ್ಧಿ ಹೇಳಿಕೊಟ್ಟವರು ಇಂಥ ಉಪಾಯ ಮಾಡಬಾರದಿತ್ತು.

ಹಬ್ಬದ ದಿನ ಬೆಳಕು ಹರಿಯುವ ಮೊದಲೇ ಎದ್ದು, ಸ್ನಾನ ಮಾಡಿ, ಪತ್ರೆ ಬಿಡಿಸಿ, ಬಾಳೆಯ ನಾರಿನಲ್ಲಿ ಹದಿನಾಲ್ಕು ಕಟ್ಟು ಕಟ್ಟಿದರು. ಹೊಸ ಮೊರದಲ್ಲಿ ಜೋಡಿಸಿದರು. ಎಲೆ ಬಾಡದಿರಲೆಂದು ಮೇಲೆ ಒದ್ದೆ ಬಟ್ಟೆ ಹೊದಿಸಿದರು. ಮನೆಯಲ್ಲಿ ಮಡಿಯಾಗಿದ್ದ ಬಟ್ಟೆಯೆಂದರೆ ಒಂದು ಕೆಂಪು ಚೌಕ, ಅದನ್ನೇ. ಗಾಳಿಗೆ ಹಾರದಿರಲೆಂದು ನಾಲ್ಕು ಮೂಲೆಗೂ ಒಂದೊಂದು ನಿಂಬೆಹಣ್ಣು ಇಟ್ಟರು. ಯಾರೂ ತಮ್ಮ ಬಾಗಿಲಿಗೆ ಬರುವ ಕಷ್ಟ ಪಡದಿರಲೆಂದು ಮೊರವನ್ನು ಒಯ್ದು ಮೂರು ದಾರಿ ಕೂಡುವಲ್ಲಿ ಕಲ್ಲಿನ ಮೇಲಿಟ್ಟು, ಒಳಗೆ ಬಂದು ಕದ ಹಾಕಿಕೊಂಡು ಕಿಟಕಿಯ ಸಂದಿನಲ್ಲಿ ಕೂತರು.

ಓದುವವರಿಗೆ ಇಷ್ಟರಲ್ಲೇ ಗೊತ್ತಾಗಿರಬೇಕು. ಪದ್ಮಮ್ಮನಿಗೆ ಗೊತ್ತಾಗಲಿಲ್ಲ. ಅವರ ತಲೆಯಲ್ಲಿ ಇದ್ದದ್ದು ಒಂದೇ ವಿಷಯ, ಆ ಒಂದರ ಮೂಲಕವೇ ಅವರು ಎಲ್ಲವನ್ನೂ ನೋಡಿದರು.

ಮೊದಲು ಬಂದವಳು ಹಾಲಿನವಳು. ಮೊರ ನೋಡಿದಳು, ಗಕ್ಕನೆ ನಿಂತಳು, ಥೂ ಎಂದು ಉಗುಳಿ ಆಚೆ ಬದಿಗೆ ದಾಟಿಕೊಂಡಳು. ಆಮೇಲೆ ಬಂದವರು ಮಗುವಿನ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಎದುರು ಮನೆಯ ಸಿದ್ದಲಕ್ಷ್ಮಮ್ಮ ಕೈಯಲ್ಲೊಂದು ತಟ್ಟೆ ಹಿಡಿದು ಇತ್ತ ಬಂದವಳು ಅರ್ಧ ದಾರಿಯಲ್ಲಿ ನಿಂತು, ಸೆರಗು ಬಾಯಿಗೆ ಒತ್ತಿಕೊಂಡು ಮನೆಗೆ ಓಡಿದಳು. ಪದ್ಮಮ್ಮ ಕಿಟಕಿ ಮುಚ್ಚಿದರು. ಮಧ್ಯಾಹ್ನ ಹೊರಗೆ ಬಂದಾಗ ಕಲ್ಲಿನ ಮೇಲೆ ಮೊರವಿರಲಿಲ್ಲ. ಬೀದಿಯ ಕೊನೆಯ ಹಳ್ಳದಲ್ಲಿ ಅದು ಅರ್ಧ ಸುಟ್ಟು ಬಿದ್ದಿತ್ತು, ಪಕ್ಕದಲ್ಲಿ ಬಾಡಿದ ಪತ್ರೆ. ಮಾರನೆಯ ಬೆಳಗ್ಗೆ ಅವರ ಗೇಟಿಗೆ ಯಾರೋ ಕಪ್ಪು ದಾರದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಹೋಗಿದ್ದರು. ತನ್ನ ಕಣ್ಣು ಬೀದಿಗೆ ತಾಗದಿರಲೆಂದು ಕಟ್ಟಿದ್ದಾರೆ ಎಂದುಕೊಂಡರು. ಗುಬ್ಬಿಯಲ್ಲಿ ಬರೀ ನೀರು ಕುಡಿಯುತ್ತಿದ್ದರು, ಇಲ್ಲಿ ಸುಟ್ಟರು. ಅವತ್ತು ಪದ್ಮಮ್ಮ ಒಲೆ ಹಚ್ಚಲಿಲ್ಲ.

ಒಂದು ವರ್ಷ ಕಳೆಯಿತು. ಅವರು ಮತ್ತೆ ಗಂಡಸರು ಹೊರಟ ಮೇಲೆ ಬಾಗಿಲು ತೆರೆಯುವ ಅಭ್ಯಾಸಕ್ಕೆ ಬಿದ್ದರು. ಗುಬ್ಬಿಗೇ ವಾಪಸು ವರ್ಗ ಮಾಡಿಕೊಡಿ ಎಂದು ಅರ್ಜಿ ಬರೆದುಕೊಂಡರು. ಮನೆ ಮಾರಿಬಿಡುವುದೆಂದು ನಿಶ್ಚಯಿಸಿದರು. ಚಿಕ್ಕಬೋರಯ್ಯ ಬಂದಾಗ, ಗಿಡವನ್ನೆಲ್ಲ ಕಿತ್ತು ಸೌದೆ ಗಾಡಿಗೆ ಹಾಕಿಕೊಂಡು ಹೋಗು ಎಂದರು.

"ನನ್ ಕೈಲಿ ಆಗಾಕಿಲ್ಲ ಅಮ್ಮಾವ್ರೆ," ಎಂದ ಅವನು. "ತಂದಿಕ್ಕಿದ ಕೈಲೇ ಹೆಂಗ್ ಕೀಳನ? ಮನೆ ಕೊಳ್ಳೋರು ಬಂದ್ಮ್ಯಾಲೆ ಅವ್ರೇ ಕಿತ್ಕಳ್ಲಿ. ನೀವೂ ನೋಡ್ಬ್ಯಾಡಿ, ನಾನೂ ನೋಡಾಕಿಲ್ಲ."

ಹೀಗೆ ಗಿಡಗಳು ಉಳಿದವು. ಅರ್ಜಿ ಮೇಜಿನ ಮೇಲಿತ್ತು. ಗೌರಿ-ಗಣಪತಿ ರಜ ಕಳೆದ ಮೇಲೆ ಕಳುಹಿಸುವುದೆಂದು ಇಟ್ಟಿದ್ದರು.

ಗೌರಿ ಹಬ್ಬದ ದಿನ ಸಂಜೆ ಗೇಟು ಸದ್ದಾಯಿತು. ನೋಡಿದರೆ ಸಿದ್ದಲಕ್ಷ್ಮಮ್ಮ. ನಾಲ್ಕು ವರ್ಷದಿಂದ ಎದುರು ಮನೆಯಲ್ಲಿದ್ದರೂ ಇವರಿಬ್ಬರ ನಡುವೆ ಒಂದು ನಗುವಿಗಿಂತ ಹೆಚ್ಚಿನ ಮಾತು ನಡೆದಿರಲಿಲ್ಲ. ಸಿದ್ದಲಕ್ಷ್ಮಮ್ಮ ಗೇಟಿನ ಒಳಗೆ ಬಂದು, ಲಕ್ಕಿಯ ಗಿಡದ ಪಕ್ಕದಲ್ಲಿ ನಿಂತು, ಬಳೆ ಹಿಂದೆ ಮುಂದೆ ಮಾಡಿದಳು.

"ಟೀಚರಮ್ಮ, ತಪ್ಪು ತಿಳೀಬೇಡಿ. ನಾಳಿಕ್ಕೆ ಒಂದೀಟು ಪತ್ರೆ ಬೇಕಾಗಿತ್ತು. ಹೊಸ ಸೊಸೆ ಬಂದವ್ಳೆ, ಮೊದಲ್ನೇ ಹಬ್ಬ. ನಮ್ಮತ್ತೆ ಊರಿಂದ ಬಂದವ್ರೆ. ಪ್ಯಾಟೆ ಪತ್ರೆ ತಂದ್ರೆ ಕಟ್ಟು ಬಿಚ್ಚಿ ನೋಡಿ, ಇದು ಕುರಿಗೆ ಹಾಕೋ ಸೊಪ್ಪು ಅಂತ ಮುಖಕ್ಕೇ ಎಸೆದ್ಬುಟ್ರು."

ಪದ್ಮಮ್ಮ, "ನಮ್ಮ ಮನೇದು ನಿಮಗೆ ಆಗುತ್ತಾ?" ಎಂದರು.

"ಅಯ್ಯೋ, ಹೋದ್ವರ್ಷವೇ ಕೇಳನ ಅಂತ ತಟ್ಟೆ ಹಿಡ್ಕಂಡು ಬಂದಿದ್ದೆ. ನೀವು ಓದಿದೋರು, ಏನಂದ್ಕೋತೀರೋ ಅಂತ ಮೂರು ವರ್ಷ ಹಿಂದೆಮುಂದೆ ನೋಡಿ, ಅವತ್ತು ಧೈರ್ಯ ಮಾಡಿ ಬಂದ್ರೆ ನಿಮ್ ಬಾಗ್ಲ ಮುಂದೆ ಆ ಹಾಳಾದ್ದು ಇತ್ತಲ್ಲ."

"ಯಾವುದು?"

"ನಿಮಗೆ ಗೊತ್ತಾಗ್ದಿರ್ಲಿ ಅಂತ ಬೀದಿಯೋರೆಲ್ಲ ಬಾಯಿ ಮುಚ್ಕೊಂಡಿದ್ವಿ. ಈಗ ಹೇಳಿದ್ರೆ ಏನಾಗಲ್ಲ ಬುಡಿ. ಯಾರೋ ಪಾಪಿಗಳು ನಿಮಗೆ ಮಾಟ ಮಾಡ್ಸಿಟ್ಟಿದ್ರು ಟೀಚರಮ್ಮ. ಮೂರು ದಾರಿ ಕೂಡೋ ತಾವ, ಹೊಸಾ ಮೊರ, ಕೆಂಪು ಬಟ್ಟೆ, ನಾಕ್ ನಿಂಬೆಹಣ್ಣು. ಒಳಗೆ ಎಕ್ಕ, ಉಮ್ಮತ್ತಿ. ನನಗೆ ಎದೆ ಝಲ್ ಅಂತು. ಒಂಟಿ ಹೆಂಗಸು, ಯಾರ ತಂಟೆಗೂ ಹೋಗ್ದೋರು, ಇಂಥೋರಿಗೆ ಯಾರು ಹಿಂಗ್ ಮಾಡಿದ್ರು ಅಂತ ಬೀದೀಲೆಲ್ಲ ಅದೇ ಮಾತು. ನಮ್ಮೆಜಮಾನ್ರು, ನಿಮಗೆ ತಾಗದಿರ್ಲಿ ಅಂತ ತಾವೇ ಕೋಲಲ್ಲಿ ಎತ್ಕಂಡೋಗಿ ಹಳ್ಳದಲ್ಲಿ ಸುಟ್ಟು ಬಂದ್ರು. ಬಂದು ತಲೆಗೆ ನೀರು ಹುಯ್ಕೊಂಡು ಎರಡು ದಿನ ಜ್ವರ ಮಲಗಿದ್ರು. ದಾಸಯ್ಯನ ಹತ್ರ ಮಂತ್ರಿಸ್ಕಂಡು ಬಂದು ನಿಮ್ ಗೇಟಿಗೆ ಕಟ್ಟಿದ್ದೂ ಅವ್ರೇ. ಆಮ್ಯಾಕೆ ಒಂಬತ್ತು ದಿನ ನಮ್ ಜಗಲೀಲೇ ಮಲಗಿ ನಿಮ್ಮನೆ ಕಾದ್ರು."

ಸಿದ್ದಲಕ್ಷ್ಮಮ್ಮನ ಗಂಡ, ಪೋಸ್ಟಾಫೀಸಿನ ಸದಾಶಿವಯ್ಯ, ಗಟ್ಟಿಯಾಗಿ ಕೆಮ್ಮಲೂ ಸಂಕೋಚಪಡುವ ಮನುಷ್ಯ. ಅವರು ಒಂಬತ್ತು ದಿನ ಸೊಳ್ಳೆ ಕಚ್ಚಿಸಿಕೊಂಡು ಜಗಲಿಯಲ್ಲಿ ಮಲಗಿದ್ದು ಈ ಮನೆಗಾಗಿ. ಪದ್ಮಮ್ಮ ಮೆಟ್ಟಿಲ ಮೇಲೆ ಕೂತರು.

"ಸಿದ್ದಲಕ್ಷ್ಮಮ್ಮ, ಆ ಮೊರ ಇಟ್ಟೋಳು ನಾನೇ ಕಣಮ್ಮ."

ಸಿದ್ದಲಕ್ಷ್ಮಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

"ಅದು ಪತ್ರೆ. ಗಣಪತಿ ಪತ್ರೆ. ನಿಮಗೆಲ್ಲ ಅಂತ ಇಟ್ಟಿದ್ದೆ. ಬಟ್ಟೆ ಹಾರದೆ ಇರ್ಲಿ ಅಂತ ನಿಂಬೆಹಣ್ಣು."

ಸಿದ್ದಲಕ್ಷ್ಮಮ್ಮ ಗಿಡಗಳನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಅವಳ ಹೊಟ್ಟೆಯೊಳಗಿಂದ ಒಂದು ನಗು ಎದ್ದಿತು. ಅವಳೂ ಮೆಟ್ಟಿಲ ಮೇಲೆ ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನಮ್ಮೆಜಮಾನ್ರಿಗೆ ಬಂದ ಜ್ವರ ಹಾಗಾದ್ರೆ ಎಂಥದ್ದು ಎಂದು ಕೇಳಿ ಮತ್ತೆ ನಕ್ಕಳು. ಪದ್ಮಮ್ಮನೂ ನಕ್ಕರು. ನಗುನಗುತ್ತಲೇ ಅವರಿಗೆ ಅಳು ಬಂತು, ಅದನ್ನು ಅವರು ಮರೆಮಾಚಲೂ ಇಲ್ಲ.

"ಬಾಗಿಲಿಗೆ ಬಂದು ಕೊಡೋದಲ್ವಾ ಟೀಚರಮ್ಮ? ಬೀದೀಲ್ಯಾಕೆ ಇಟ್ರಿ?"

"ನನ್ನ ಕೈಯಿಂದ ತಗೊಳ್ಳೋಕೆ ನಿಮಗೆಲ್ಲ ಮನಸ್ಸು ಬರುತ್ತೋ ಇಲ್ವೋ ಅಂತ."

ಸಿದ್ದಲಕ್ಷ್ಮಮ್ಮನ ನಗು ನಿಂತಿತು. ಹಾಗೇನೂ ಇಲ್ಲ ಎಂದುಬಿಡಬಹುದಿತ್ತು. ಅವಳು ಹಾಗೆ ಹೇಳಲಿಲ್ಲ. "ಹಂಗನ್ನೋರೂ ಅವ್ರೆ," ಎಂದಳು. "ನಮ್ಮತ್ತೆ ಗಿರಿಯಮ್ಮನೂ ಒಂದೀಟು ಹಂಗೇ. ಆದ್ರೆ ಇವತ್ತು ಜಗಲೀಲಿ ಕೂತು ನಿಮ್ ಗಿಡಾನೆಲ್ಲ ಒಂದೊಂದೇ ಹೆಸರು ಹಿಡಿದು ಹೇಳಿ, ಹೋಗು, ಆ ತಾಯಿನ ಕೇಳ್ಕಂಡು ಬಾ ಅಂತ ಕಳ್ಸಿದ್ದೂ ಅವ್ರೇ."

ಪದ್ಮಮ್ಮ ಎದ್ದರು. ಸಂಜೆ ಗಿಡ ಮುಟ್ಟಬಾರದೆಂದು, ಬೆಳಗ್ಗೆ ಬನ್ನಿ ಎಂದರು. ಬೆಳಗ್ಗೆ ಆರಕ್ಕೇ ಸಿದ್ದಲಕ್ಷ್ಮಮ್ಮ ಬಂದಳು. ಪದ್ಮಮ್ಮ ಒಂದೊಂದೇ ಗಿಡದ ಹತ್ತಿರ ಹೋಗಿ, ಹೆಸರು ಹೇಳಿ ಬಿಡಿಸಿ, ಕೈಗೆ ಕೊಡದೆ ಮೆಟ್ಟಿಲ ಮೇಲೆ ಇಡಲು ಹೋದರು. ಅಷ್ಟರಲ್ಲಿ ಅವಳು ಸೆರಗನ್ನು ಎರಡು ಕೈಯಲ್ಲೂ ಹಿಡಿದು ಮುಂದೆ ಚಾಚಿದ್ದಳು. ಎಕ್ಕ, ಉತ್ತರಾಣಿ, ಲಕ್ಕಿ, ಬನ್ನಿ, ಮತ್ತಿ ಎಲ್ಲವೂ ಅದರೊಳಗೆ ಬಿದ್ದವು. ಹತ್ತೊಂಬತ್ತಕ್ಕೆ ಪದ್ಮಮ್ಮ ನಿಲ್ಲಿಸಿದರು.

"ಇನ್ನೆರಡು ಈ ಕಡೆ ಸಿಗಲ್ಲಮ್ಮ. ಅವಕ್ಕೆ ಬದಲಾಗಿ ಅಕ್ಷತೆ ಹಾಕಿಬಿಡಿ. ಅಕ್ಷತೆ ಮನೇಲಿ ಕಲೆಸಿರ್ತೀರಲ್ಲ."

ಸಿದ್ದಲಕ್ಷ್ಮಮ್ಮ ಅಲ್ಲಾಡಲಿಲ್ಲ. ಸೆರಗನ್ನು ಹಾಗೇ ಹಿಡಿದುಕೊಂಡು ನಿಂತಳು.

"ಹತ್ತೊಂಬತ್ತು ನೀವು ಕೊಟ್ಟ ಮ್ಯಾಲೆ ಆ ಎರಡನ್ನ ನಾನ್ಯಾಕೆ ಹಾಕ್ಲಿ? ಅದನ್ನೂ ನೀವೇ ಕಲೆಸ್ಕೊಡಿ. ಸೊಸೆ ತಲೆ ಮ್ಯಾಲೂ ಒಂದೆರಡು ಕಾಳು ಹಾಕ್ಬೇಕು, ಜಾಸ್ತೀನೇ ಕಲೆಸಿ."

ಪದ್ಮಮ್ಮ ಒಳಗೆ ಹೋದರು. ಮೂವತ್ತೈದು ವರ್ಷದಿಂದ ಅವರು ಅಕ್ಷತೆ ಕಲೆಸಿರಲಿಲ್ಲ. ಅಕ್ಕಿ ಎಷ್ಟು, ಅರಿಶಿನ ಎಷ್ಟು ಎಂಬುದೂ ಕೈಗೆ ಮರೆತುಹೋಗಿತ್ತು. ಬಟ್ಟಲಿಗೆ ಒಂದು ಹಿಡಿ ಅಕ್ಕಿ ಹಾಕಿ, ಅರಿಶಿನ ಹಾಕಿ, ತುಪ್ಪ ಬಿಟ್ಟು, ಸಾಲದೆಂದು ಇನ್ನೊಂದು ಹಿಡಿ ಅಕ್ಕಿ ಹಾಕಿ, ಹಳದಿಯಾದ ಕೈಯಲ್ಲಿ ಅದನ್ನು ಹಿಡಿದುಕೊಂಡು ಹೊರಗೆ ಬಂದರು.